ಇಳಿಯುವ ಸ್ಟಾಪು

ಇಪ್ಪತ್ತೇಳು ವರ್ಷ ಪುತ್ತೂರು–ಕಾಸರಗೋಡು ಬಸ್ಸಿನಲ್ಲಿ
ವಿಸಿಲ್ ಊದಿದವಳು ನಾನು.
ಲೆಕ್ಕ ಹಾಕಿದರೆ ಭೂಮಿಗೆ ಹಲವು ಸುತ್ತು ಬಂದಿರಬೇಕು.
ನಡೆದದ್ದು ಮಾತ್ರ
ಡ್ರೈವರನ ಬೆನ್ನಿನಿಂದ ಹಿಂದಿನ ಸೀಟಿನವರೆಗೆ,
ಹದಿನಾಲ್ಕು ಹೆಜ್ಜೆ.
ಹೊಳೆ, ಗುಡ್ಡೆ, ಮುರಕಲ್ಲಿನ ಬಯಲು
ಎಲ್ಲ ನೋಡಿದ್ದು ಕಿಟಕಿಯಷ್ಟೇ ಅಗಲ,
ಅದೂ ಯಾರದೋ ತಲೆಯ ಆಚೆ.

ಪೆನ್ಷನ್ನಿನ ಕಾಗದ ಬಂದ ದಿನ
ಹಳೆಯ ಟ್ರಿಪ್ ಶೀಟಿನ ಹಿಂದೆ ಬರೆದಿಟ್ಟೆ:
ಹತ್ತಲು ಒಂದು ಗುಡ್ಡೆ. ಈಜಲು ನೀರು.
ಬೆಳಗ್ಗೆ ಐದಕ್ಕೆ ಹೊರಟರೆ
ಅಟ್ಟಿಸಿಕೊಂಡು ಬಾರದ ನಾಯಿಗಳು.
ಮನೆ ಗಿನೆ ಹೇಗಿದ್ದರೂ ನಡೆದೀತು,
ನಡೆಯಬೇಕಾದ್ದು ನಾನು.

ಮನೆ ತೋರಿಸುವ ಮಾಹಿನಿಚ್ಚನ ತಲೆಗೆ ಇದು ಹೋಗಲೇ ಇಲ್ಲ.
ವಿದ್ಯಾನಗರದಲ್ಲಿ ಎರಡು ಬಾತ್‌ರೂಮು ತೋರಿಸಿದ.
ಕಡಪ್ಪುರದಲ್ಲಿ ಕಡಲು ತೋರಿಸಿದ,
"ಟೆರೇಸಿಗೂ ಹತ್ತುವುದು ಬೇಡ, ಕುರ್ಚಿಯಿಂದಲೇ ಕಾಣ್ತದೆ" ಎಂದ.
ಕಡಲು ಚಂದವೇ.
ಆದರೆ ಕುಳಿತು ನೋಡುವುದು ನನಗೆ ಸಾಕಾಗಿತ್ತು.
ಚಂದ್ರಗಿರಿ ಹೊಳೆಯ ಬದಿಗೊಂದು,
ನೀರಿಗೆ ಮೂರೇ ಮೆಟ್ಟಲು,
ಹೌದು ಎನ್ನುವಷ್ಟರಲ್ಲಿ ದೋಣಿಯವನೊಬ್ಬ ಹೇಳಿದ:
ಮರಳು ತೆಗೆದ ಗುಂಡಿ ಎಲ್ಲೆಲ್ಲಿ ಉಂಟೆಂದು
ಹೊಳೆಗೂ ಗೊತ್ತಿಲ್ಲ.
"ಬೆನ್ನಬಾಯಿ, ನಿಮಗೆ ಬೇಕಾದ್ದು ಮನೆಯಾ ಮೈದಾನವಾ?"
ಮಾಹಿನಿಚ್ಚ ಬೆವರೊರೆಸಿಕೊಂಡ.

ಆಗ ನೆನಪಾಯಿತು ಮುಳಿಪದವು.
ಸ್ಟೇಜೂ ಅಲ್ಲ, ಬೋರ್ಡೂ ಇಲ್ಲ,
ಪೆರ್ಲ ದಾಟಿ ಒಂದು ತಿರುವು, ಒಂದು ಹೊನ್ನೆ ಮರ.
ಶುಕ್ರವಾರ ಶುಕ್ರವಾರ ಅಲ್ಲಿ ಇಳಿಯುತ್ತಿದ್ದಳು ತನಿಯಾರು,
ತಲೆಯಲ್ಲಿ ಅಕ್ಕಿ, ಕೈಯಲ್ಲಿ ಚಿಮಿಣಿ ಎಣ್ಣೆ.
ಮುರಕಲ್ಲಿನಲ್ಲಿ ಕಡಿದ ಮೆಟ್ಟಲು.
ಮೊದಲು ಮೂಟೆ, ಮತ್ತೆ ಸೊಂಟ, ಕೊನೆಗೆ ಹಿಮ್ಮಡಿ
ಎಲೆಗಳೊಳಗೆ ಹೋಗುತ್ತಿತ್ತು.
ಎಲ್ಲಿಗೆ ಆ ದಾರಿ?
ಕೇಳುವ ಮೊದಲೇ ನನ್ನದೇ ವಿಸಿಲ್, ರೈಟ್.

ಹೋದ ತಿಂಗಳು ನಾನೂ ಅಲ್ಲಿ ಇಳಿದೆ.
"ಇಲ್ಲಿ ಎಂತ ಉಂಟು ಅಕ್ಕಾ?" ಎಂದ ಟಿಕೆಟಿನ ಹುಡುಗ.
ಇನ್ನೂರ ಹನ್ನೊಂದು ಮೆಟ್ಟಲು. ಮೂರು ಸಲ ಕುಳಿತೆ.
ಮೇಲೆ, ಒಮ್ಮೆಲೇ, ಕಿಟಕಿಯಿಲ್ಲದ ಆಕಾಶ.
ಕಪ್ಪುಗಟ್ಟಿದ ಪದವು,
ಕಲ್ಲಿನ ತಗ್ಗಿನಲ್ಲಿ ಅಂಗೈಯಷ್ಟು ನೀರು, ಅದರ ಸುತ್ತ
ಸಾಸಿವೆಗಿಂತ ತುಸು ದೊಡ್ಡ ನೀಲಿ ಹೂ.
ಪಡುವಣದಲ್ಲಿ ಕಡಲು ಒಂದು ಗೆರೆ.
ಕೆಳಗೆ ನಮ್ಮ ಬಸ್ಸು, ಬೆಂಕಿಪೊಟ್ಟಣ,
ಅದರೊಳಗೆ ಯಾರೋ
ಹದಿನಾಲ್ಕು ಹೆಜ್ಜೆ ನಡೆಯುತ್ತಿರಬೇಕು.

ತನಿಯಾರಿನ ಸೊಸೆ ಎರಡು ಕೋಣೆ ಬಾಡಿಗೆಗೆ ಕೊಟ್ಟಳು.
ಈಜುವ ನೀರು ಪಟ್ಟಿಯಲ್ಲೇ ಉಳಿಯಿತು,
ಕುಡಿಯುವುದನ್ನು ಸುರಂಗದ ಬಾಯಿಂದ ಹೊರಬೇಕು.
ನಾಯಿ ಅಟ್ಟಿಸುವುದಿಲ್ಲ, ಜೊತೆಗೇ ಬರುತ್ತದೆ, ಅದೇ ಉಪದ್ರ.
ತನಿಯಾರಿನ ಮೊಣಗಂಟು ಎರಡೂ ಮುಗಿದಿವೆ.
"ನಡೆಯಲಿಕ್ಕೆಂದೇ ಬಂದದ್ದಾ? ಬಾಡಿಗೆ ಕೊಟ್ಟು?"
ನಕ್ಕಳು, ಕೆಮ್ಮಿದಳು, ಪುನಃ ನಕ್ಕಳು.

ಆದಿತ್ಯವಾರ ಅರ್ಜಿ ಹಿಡಿದು ಬಂದರು ಹುಡುಗರು:
ಮುಳಿಪದವಿಗೆ ರಸ್ತೆ ಬೇಕು, ಬಸ್ಸು ಬೇಕು.
ಮಲಯಾಳದಲ್ಲಿ ಒಂದು, ಕನ್ನಡದಲ್ಲಿ ಒಂದು.
"ನೀವು ಬಸ್ಸಿನವರು, ಮೊದಲ ರುಜು ನಿಮ್ಮದೇ."
ಪೆನ್ನು ಹಿಡಿದು ಮೆಟ್ಟಲುಗಳನ್ನು ನೋಡಿದೆ.
ಜಗಲಿಯಲ್ಲಿ ಚಾಚಿಟ್ಟ ಆ ಕಾಲುಗಳನ್ನೂ.
ಎರಡಕ್ಕೂ ರುಜು ಹಾಕಿ
ಒಂದು ತಪ್ಪು ತಿದ್ದಿಯೂ ಕೊಟ್ಟೆ:
ಆಸ್ಪತ್ರೆಯ ಚೀಟಿ ಎಂಟಕ್ಕೇ ಸುರು,
ಬಸ್ಸು ಏಳಕ್ಕೆ ಹೊರಡಬೇಕು, ಒಂಬತ್ತಕ್ಕಲ್ಲ.

ಬರಲಿ.
ಬಂದ ದಿನ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ
ಹೊರಗಿನಿಂದ ನಾನೇ ಹೇಳುತ್ತೇನೆ, ರೈಟ್.

ಈಗ ಕೈಯಲ್ಲಿ ಕೊಡ.
ಸುರಂಗಕ್ಕೆ ಇನ್ನೂ ತೊಂಬತ್ತು ಹೆಜ್ಜೆ.